ಮುಕ್ಕಾಲು ಲೀಟರು

ಬೆಳಿಗ್ಗೆ ಏಳಕ್ಕೆ ಅವ್ವ
ಸ್ಟೀಲಿನ ತಂಬಿಗೆಗೆ ಅಳೆದು ಹಾಕುತ್ತಾಳೆ,
ಮುಕ್ಕಾಲು ಲೀಟರು.
ಚಹಾ ಇದರಾಗ. ಮಜ್ಜಿಗಿ ಇದರಾಗ.
ಏಳು ಗುಳಿಗೆ ನುಂಗೋ ಗುಟುಕು ಇದರಾಗ.
ಬ್ಯಾಳಿ ತಿಳುವಾದರೆ ಅದನ್ನೂ ಕಳೆಯಬೇಕು.

ಎರಡು ಹೊಳೆಗಳ ನಡುವಿನ ಸೀಮೆ ನಮ್ಮದು,
ಶಾಲೆಯ ನಕಾಶೆಯಲ್ಲಿ ಮೇಲೊಂದು ಕೆಳಗೊಂದು ನೀಲಿ ಗೆರೆ.
ರಾಯಚೂರಿನಲ್ಲಿ ಮೇ ತಿಂಗಳು,
ನಲವತ್ನಾಲ್ಕು ಡಿಗ್ರಿ.
ಅಪ್ಪ ತಂಬಿಗೆಗೆ ಬೆನ್ನು ಮಾಡಿ ಕೂರುತ್ತಾನೆ.

ಹತ್ತೊಂಬತ್ತು ವರ್ಷ ಓಣಿ ಓಣಿಗೆ ನೀರು ಬಿಟ್ಟವನು.
ಹೆಗಲ ಮೇಲೆ ಆಳುದ್ದ ಕಬ್ಬಿಣದ ಚಾವಿ,
ಕಾಯಂ ಅಲ್ಲ, ಗುತ್ತಿಗೆದಾರನ ಕೈಕೆಳಗೆ.
ಅಂದ್ರೂನ್ ಕಿಲ್ಲಾಕ್ಕೆ ಎಂಟೂವರೆ ಸುತ್ತು,
ಮಂಗಳವಾರಪೇಟೆಗೆ ಹನ್ನೊಂದು,
ನಮ್ಮ ಓಣಿಗೆ ಮಾತ್ರ ಯಾವತ್ತೂ ಒಂದು ಕಡಿಮೆ.
"ಮಂದಿ ಏನಂದಾರು" ಅಂತಿದ್ದ.

ಕಾಲು ಬಾತ ಮೂರನೇ ತಿಂಗಳಿಗೆ ಗುತ್ತಿಗೆದಾರ ಬಂದು
"ಚಾವಿ ಕೊಡು ಹುಸೇನಪ್ಪ" ಅಂದ.
ಚಾವಿಯನ್ನು ಅವ್ವ ತೆಗೆದುಕೊಂಡಳು.
"ಹೆಣ್ಣಮಗಳು, ಎತ್ತೂದು ಆಗತದೇನು?"
ಎತ್ತಿದಳು.
ಎರಡು ಸಾವಿರ ಕಡಿಮೆ ಪಗಾರಕ್ಕೆ.

ಡಯಾಲಿಸಿಸ್ ಪುಕ್ಕಟೆ ಅಲ್ಲವಾ, ಅನ್ನುತ್ತಾರೆ ಬಂದವರೆಲ್ಲ.
ಹೌದು, ರಿಮ್ಸ್‌ನಲ್ಲಿ ಪುಕ್ಕಟೆ,
ಮಂಗಳವಾರ, ಶುಕ್ರವಾರ, ನಾಲ್ಕು ನಾಲ್ಕು ತಾಸು.
ಪುಕ್ಕಟೆಯ ಲೆಕ್ಕ ನನ್ನ ಹತ್ತಿರ ಇದೆ,
ಬಿಕಾಂ ನೋಟುಬುಕ್ಕನ್ನು ಹಿಂದಿನಿಂದ ತಿರುವಿದರೆ:
ಆಟೋ, ಹೋಗಿ ಬರಲು, ನೂರಾ ಅರವತ್ತು.
ರಕ್ತ ಏರಲು ಸೂಜಿ, ಹೊರಗಿನ ಚೀಟಿ, ಸಾವಿರದ ಇನ್ನೂರು.
ಮಷಿನ್ನು ಕೆಟ್ಟ ದಿನ ಖಾಸಗಿಗೆ, ಎರಡು ಸಾವಿರದ ನೂರು.
ಅಟೆಂಡರನಿಗೆ ಚಹಾ, ಐವತ್ತು
(ಚಹಾ ಅಂತ ಬರೆದಿದ್ದೇನೆ).
ಪಕ್ಕದ ಬೆಡ್ಡಿನ ಮಾನ್ವಿಯ ಹುಡುಗನಿಗೆ ಬಾಳೆಹಣ್ಣು, ಇಪ್ಪತ್ತು.
ಹಣ್ಣು ವಾಪಸು ತಂದೆವು,
ಅಪ್ಪನಿಗೆ ಆಗದ್ದು ಅವನಿಗೂ ಆಗುವುದಿಲ್ಲವೆಂದು ನೆನಪಿರಲಿಲ್ಲ.
ಆ ಹುಡುಗ ಎರಡು ವಾರದಿಂದ ಬಂದಿಲ್ಲ.
ಬೆಡ್ಡಿನಲ್ಲಿ ಬೇರೆ ಯಾರೋ.
ಅದನ್ನು ಎಲ್ಲಿಯೂ ಬರೆದಿಲ್ಲ.

ಎಡಗೈಯ ನರ ಜೋಡಿಸುವ ಆಪರೇಶನ್ನಿಗೆ ಫ್ರಿಜ್ಜು ಹೋಯಿತು.
ಫ್ರಿಜ್ಜು ಹೋದ ಮೇಲೆ ತಿಳಿಯಿತು,
ಸೂಜಿಯ ಔಷಧ ತಣ್ಣಗಿರಬೇಕೆಂದು.
ಈಗ ಅದು ಖಾಜಾಬಿಯ ಫ್ರಿಜ್ಜಿನಲ್ಲಿದೆ,
ಕೊತ್ತಂಬರಿ ಕಟ್ಟಿನ ಹಿಂದೆ,
ಮೊಮ್ಮಕ್ಕಳ ಕೈಗೆ ಎಟುಕದ ಹಾಗೆ.
ಕರೆಂಟು ಹೋದರೆ ಅವಳೇ ಓಡಿ ಬರುತ್ತಾಳೆ,
"ಬಾಗಲಾ ತೆಗದಿಲ್ಲ ನಾ, ಚಿಂತಿ ಮಾಡಬ್ಯಾಡ್ರಿ."
ಮಧ್ಯಾಹ್ನ ಅವಳ ಬಟ್ಟಲಲ್ಲಿ ಎರಡು ತುಂಡು ಐಸು ಬರುತ್ತದೆ.
ನೀರಿಗಿಂತ ಐಸು ಮೇಲು, ಬಾಯಿಯಲ್ಲಿ ಬಹಳ ಹೊತ್ತು ಇರುತ್ತದೆ.
ಅಪ್ಪ ಕಣ್ಣು ಮುಚ್ಚಿ, ಹಲ್ಲಿಗೆ ತಾಗದ ಹಾಗೆ,
ಅದು ಕರಗುವ ತನಕ ಮಾತಾಡುವುದಿಲ್ಲ.
ರೊಕ್ಕ ಅಂದರೆ ಖಾಜಾಬಿ ಬೈಯುತ್ತಾಳೆ.
ನಾನು ಬರೆಯುತ್ತೇನೆ: ಐಸು, ಎರಡು, ಸೊನ್ನೆ.
ಸೊನ್ನೆಯನ್ನೂ ಬರೆಯಬೇಕು ಅಂದಿದ್ದಾರೆ
ನಮ್ಮ ಅಕೌಂಟೆನ್ಸಿ ಮೇಡಂ.

ಆ ಎಡಗೈಗೆ ಕಿವಿ ಇಟ್ಟರೆ ಗುರ್ ಅನ್ನುತ್ತದೆ,
ನೀರು ಬರುವ ಮುಂಚೆ
ನಳದಲ್ಲಿ ಗಾಳಿ ಉಸುರಿದ ಹಾಗೆ.
"ಲೈನ್ ಚಾಲೂ ಅದ" ಅಂತ ನಗುತ್ತಾನೆ.
ರಾತ್ರಿ ನಿದ್ದೆ ಬರದಿದ್ದರೆ ತನ್ನ ಕೈ ತಾನೇ ಮುಟ್ಟಿ ನೋಡಿಕೊಳ್ಳುತ್ತಾನೆ,
ನಿಂತಿಲ್ಲ ತಾನೇ ಅಂತ.

ನಿನ್ನೆ ಎರಡೂವರೆಗೆ ನಮ್ಮ ಓಣಿಯ ಪಾಳಿ.
ಮೂಲೆಯಲ್ಲಿ ಚಾವಿ ಕಿರುಗುಟ್ಟಿತು.
ಕತ್ತಲಲ್ಲೇ ಅಪ್ಪ ಎಣಿಸುತ್ತಿದ್ದ, ತುಟಿ ಅಲುಗುತ್ತಿತ್ತು.
ಬಿಂದಿಗೆಗಳ ಸದ್ದು, ಯಾರದೋ ಬಾಗಿಲು, ಯಾರದೋ ಜಗಳ,
ತುಂಬಿ ಚೆಲ್ಲಿದ ನೀರು ಹೊಸ್ತಿಲ ತನಕ ಬಂತು.
ಅವ್ವ ಒಳಗೆ ಬಂದು ಚಾವಿಯನ್ನು ಗೋಡೆಗೆ ಒರಗಿಸಿದಾಗ
"ಎರಡು ಸುತ್ತು ಜಾಸ್ತಿ ಆತು" ಅಂದ.

"ಜಾಸ್ತಿ ಒಂದು," ಅಂದಳು ಅವ್ವ ಕಾಲು ಒರೆಸಿಕೊಳ್ಳುತ್ತ,
"ಇನ್ನೊಂದು ನೀ ಇಷ್ಟು ದಿನ ಹಿಡಕೊಂಡದ್ದು.
ಖಾಜಾಬಿ ಮನಿನೂ ಇದೇ ಲೈನಿಗೇ ಅಲ್ಲೇನು?
ಏ ಹುಡುಗಿ, ಐಸಿನ ಲೆಕ್ಕದಾಗ ಬರಕೊ."

ಬರೆದಿಲ್ಲ ಇನ್ನೂ.
ಜಮಾ ಕಡೆಗೋ ಖರ್ಚಿನ ಕಡೆಗೋ ಗೊತ್ತಾಗುತ್ತಿಲ್ಲ.
ನಾಳೆ ಶುಕ್ರವಾರ.
ಚಾಂದ್‌ಪಾಷಾನ ಆಟೋಗೆ ಚಿಲ್ಲರೆ ಬೇಕು.