ಬಟನ್ನಿನದೇ ಕೊಡು

ಮೂರು ತಿಂಗಳಿಂದ ಇದೇ ನೋಡುತ್ತಿದ್ದೇನೆ,
ಸೈಕಲ್ಲಿನ ಹ್ಯಾಂಡಲ್ಲಿಗೆ ಕೂರಿಸುವ ಜಿಪಿಎಸ್ ಡಬ್ಬಿ,
ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು.
ಅದರ ಬೆಲೆಗೆ ಕೌಲ್‌ಬಜಾರಿನಲ್ಲಿ
ಎರಡು ಹಳೇ ಹೊಲಿಗೆ ಮಿಷನ್ನು ಬರುತ್ತವೆ, ಮೋಟಾರು ಸಮೇತ.
ಹಂಪಮ್ಮನಿಗೆ ಬೆಲೆ ಹೇಳಿದ್ದೇನೆ.
ಅರ್ಧ ಹೇಳಿದ್ದೇನೆ.

ನಾನು ಕಟಿಂಗ್ ಮಾಸ್ಟರು.
ಜೀನ್ಸಿನ ಬಟ್ಟೆ ನಲವತ್ತು ಪದರ ಹಾಸಿ
ಒಂದೇ ಓಟಕ್ಕೆ ಕೊಯ್ಯುವವನು.
ಕಾಲಿಂಚು ತಪ್ಪಿದರೆ ನಲವತ್ತು ಸೊಂಟ ತಪ್ಪುತ್ತವೆ.
ಟೇಪು ಕೊರಳಲ್ಲಿಟ್ಟುಕೊಂಡೇ ಉಣ್ಣುವವನಿಗೆ
ದಾರಿಯೂ ಒಂದು ಥಾನು, ಬಿಚ್ಚಿ ಅಳೆಯಬೇಕು.

ಡಿಸೆಂಬರಿಗೆ ಇನ್ನೂರು ಕಿಲೋಮೀಟರಿನ ಸವಾರಿಯಿದೆ,
ಹದಿಮೂರೂವರೆ ತಾಸು, ಒಂದು ನಿಮಿಷ ಹೆಚ್ಚಿಲ್ಲ.
ಫೋನನ್ನೇ ನೆಚ್ಚೋಣವೆಂದರೆ
ನಮ್ಮೂರ ಬಿಸಿಲಿಗೆ ಹನ್ನೊಂದಕ್ಕೇ ಕಾದು
ಮುಖ ಕಪ್ಪು ಮಾಡಿಕೊಂಡು ಮಲಗುತ್ತದೆ.

ಹೊನ್ನೂರಸ್ವಾಮಿಯದು ದೊಡ್ಡದು, ಬಣ್ಣದ ಮ್ಯಾಪು.
ಎದೆಗೆ ಪಟ್ಟಿ ಬಿಗಿದಿದ್ದಾನೆ:
ಗುಂಡಿಗೆ ನೂರಾ ಐವತ್ತೆಂಟು, ಏರು ಶೇಕಡಾ ಆರು,
ಮುಂದಿನ ತಿರುವು ಎಡಕ್ಕೆ.
ಸಂಡೂರಿನ ಆಚೆ ಎಡಕ್ಕೆ ಹೋದೆವು.
ದಾರಿ ಮ್ಯಾಪಿನಲ್ಲಿತ್ತು. ನೆಲದ ಮೇಲೆ
ಗಣಿಯವರು ಯಾವಾಗಲೋ ತೋಡಿಬಿಟ್ಟ ಕಂದಕ,
ಕೆಂಪು ನೀರು, ನೀರೊಳಗೊಂದು ಲಾರಿ ಟಯರು.
ಮುಂದೆ ಹೋಗಿ, ಮುಂದೆ ಹೋಗಿ ಅನ್ನುತ್ತಲೇ ಇತ್ತು.
ಎಮ್ಮೆ ಹೊಡೆದುಕೊಂಡು ಬಂದ ಹುಡುಗಿ
ನಮ್ಮನ್ನು ಬಿಟ್ಟು ಅದನ್ನೇ ದಿಟ್ಟಿಸಿ
"ಅದರಾಗ ಏನ್ ಬರ್ತತ್ರೀ, ಸಿನಿಮಾನ?" ಅಂದಳು.

ಎರ್ರಿಸ್ವಾಮಿಯ ಅಂಗಡಿಯಲ್ಲಿ ಗಾಜಿನ ಮೇಲೆ ಎರಡಿಟ್ಟ.
ಹದಿನೈದು ತಾಸು ಬ್ಯಾಟರಿ, ಮುಟ್ಟಿದರೆ ಸಾಕು ಅಂದ.
ಮುಟ್ಟಿದೆ. ಅದಕ್ಕೆ ತಿಳಿಯಲಿಲ್ಲ.
ಒರೆಸಿಕೊಂಡು ಮುಟ್ಟಿದೆ.
ಹದಿನೆಂಟು ವರ್ಷ ಕತ್ತರಿ ಹಿಡಿದ ಹೆಬ್ಬೆರಳು,
ಗೆರೆ ಸವೆದು ಜಡ್ಡುಗಟ್ಟಿದೆ,
ಉಳಿದ ಗೆರೆಗಳಲ್ಲಿ ನೀಲಿ ಕೂತಿದೆ.
ರೇಷನ್ ಅಂಗಡಿಯ ಮಿಷನ್ನಿಗೂ ನಾನು ನಾನಲ್ಲ,
ತಿಂಗಳಿಗೊಮ್ಮೆ ಹತ್ತೂ ಬೆರಳು ಕೊಟ್ಟು ಅಕ್ಕಿ ತರುತ್ತೇನೆ.

"ಬಟನ್ನಿಂದು ಐತೇನಪಾ?"
ಹಿಂದಿನ ಕಪಾಟಿನಿಂದ ಒಂದು ತೆಗೆದ, ಧೂಳು ಊದಿದ.
ಕಪ್ಪು ಬಿಳುಪು. ಮ್ಯಾಪಿಲ್ಲ.
ಮನೆಯಲ್ಲೇ ಎಳೆದಿಟ್ಟುಕೊಂಡ ದಾರಿಯದೊಂದು ಗೆರೆ,
ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆದ ಹಾಗೆ,
ಗೆರೆಯ ಮೇಲೆ ನಾನೆಂಬ ಬಾಣ.
ಹೊರಗೆ ಬಿಸಿಲಿಗೆ ಹಿಡಿದೆ, ಹಿಡಿದಷ್ಟೂ ನಿಚ್ಚಳ.
ಅದುಮಿದೆ. ಟಕ್ಕೆಂದಿತು.
ಬೆರಳಿಗೆ ಉತ್ತರ ಬಂತು.

ರಾತ್ರಿ ಕೂತು ಅದು ಕೇಳಿದ್ದೆಲ್ಲ ತುಂಬಿದೆ.
ತೂಕ, ವಯಸ್ಸು, ಗಾಲಿಯ ಸುತ್ತಳತೆ.
ಅದಕ್ಕೆ ಯಾರನ್ನೂ ಕೇಳಲಿಲ್ಲ, ಟೇಪು ಸುತ್ತಿದೆ,
ಎಂಬತ್ತೆರಡೂ ಮುಕ್ಕಾಲು ಇಂಚು.
ಕೊನೆಗೆ ಕೇಳಿತು:
ನೀನು ನಿಂತಾಗ ಲೆಕ್ಕವೂ ನಿಲ್ಲಲೋ?

ಎಲ್ಲರೂ ಹೌದು ಅಂತಲೇ ಇಡುವುದು,
ಸರಾಸರಿ ಚೆಂದ ಕಾಣುತ್ತದೆ.
ನಮ್ಮ ಯೂನಿಟ್ಟಿನಲ್ಲೂ ಹಾಗೇ.
ಕರೆಂಟು ಹೋದರೆ ಕೂಲಿ ನಿಲ್ಲುತ್ತದೆ,
ದಾರ ಕಡಿದರೆ, ಸೂಜಿ ಮುರಿದರೆ,
ಕೂಸಿಗೆ ಹಾಲು ಕುಡಿಸಲು ಒಬ್ಬಳು ಎದ್ದರೆ ನಿಲ್ಲುತ್ತದೆ.
ಪೀಸಿಗಿಷ್ಟು.
ಸುಮ್ಮನೆ ಕೂತ ಹೊತ್ತು ಯಾರ ವಹಿಯಲ್ಲೂ ಇಲ್ಲ.

ಬೇಡ ಅನ್ನುವುದನ್ನು ಅದುಮಿದೆ.

ಈ ಭಾನುವಾರ ಕುಡತಿನಿಯಲ್ಲಿ
ಒಗ್ಗರಣೆ, ನಾಲ್ಕು ಮಿರ್ಚಿ, ಒಂದೂವರೆ ಚಾ,
ಇಪ್ಪತ್ತಾರು ನಿಮಿಷ.
ಡಬ್ಬಿ ಅಷ್ಟನ್ನೂ ಬರೆದುಕೊಂಡಿದೆ, ಸೊನ್ನೆ ವೇಗದಲ್ಲಿ.
ಸರಾಸರಿ ಹದಿನೇಳಕ್ಕೆ ಇಳಿಯಿತು.
"ಮಿರ್ಚಿಗೂ ಲೆಕ್ಕ ಇಟ್ಟೀಯಲ್ಲೋ" ಎಂದು ಹೊನ್ನೂರಸ್ವಾಮಿ ನಕ್ಕ.

ಹಂಪಮ್ಮ ಜೀನ್ಸಿನ ಚೂರಿನಲ್ಲಿ ಅದಕ್ಕೊಂದು ಚೀಲ ಹೊಲಿದಳು.
ಅಳತೆ ಕೇಳಿದಳು, ಹೇಳಿದೆ.
ದಾರ ಹಲ್ಲಿನಿಂದ ಕಡಿದು, ಬೆಲೆ ಕೇಳಿದಳು.
ಹೇಳಿದೆ.
"ಪೂರ್ತಿ ಹೇಳು" ಅಂದಳು.