ಹರಿದ ಎಳಿ

ಮಗ್ಗದ ಕುಣಿ ಮುಚ್ಚಿ, ಮ್ಯಾಲ ಫರಸಿ ಹಾಸಿದ ವರ್ಷ
ನಮ್ಮಪ್ಪ ತುಳಜನಸಾ ಕ್ವಾಲಿಸ್ ತಂದ.
ಎರಡನೇ ಕೈಯಿಂದು. ಹಾಲು ಕಡಿಮಿ ಹಾಕಿದ ಚಹಾದ ಬಣ್ಣ.
ಬೆಟಗೇರಿ ಓಣಿಗೆ ಅದು ಹೊಕ್ಕಾಗ
ಕಟ್ಟಿಮ್ಯಾಲ ಕುಂತವ್ರು ಕಾಲು ಮ್ಯಾಲೆತ್ತಿಕೊಂಡ್ರು.

"ಈ ಕಂಪನಿ ಗಾಡಿ ಸಾಯಂಗಿಲ್ಲ," ಅಂದ ಮೆಕ್ಯಾನಿಕ್ ದಾವಲಸಾಬ ನದಾಫ,
ಬಾನೆಟ್ಟಿನೊಳಗ ತಲಿ ಇಟ್ಟು, ಬಾವಿಗೆ ಇಣಕಿದವರಂಗ.
"ನೀ ಸತ್ತಿ, ನಾ ಸತ್ತೆ, ಇದು ಮುಂಡರಗಿಗೆ ಟ್ರಿಪ್ ಹೊಡೀತಿರ್ತೈತಿ."
ಆಮ್ಯಾಲ ದನಿ ಇಳಿಸಿ, ಬೀಗತನದ ಸುದ್ದಿ ಹೇಳಿದಂಗ:
"ಗೊತ್ತೇನು? ಇವರೂ ನಿಮ್ಮವರ. ಮಗ್ಗದವರು."

ಜಪಾನಿನ ಒಬ್ಬ ಬಡಿಗ್ಯಾನ ಮಗನಂತ,
ತಾಯಿ ರಾತ್ರಿಗಟ್ಟಲೆ ನೇಯೂದು ನೋಡಲಾರದ
ಕಟಗಿ ಕೆತ್ತಿ, ಮಗ್ಗ ತಿದ್ದಿ, ಮತ್ತ ತಿದ್ದಿ,
ಕಡೀಕ ಎಂಥಾದ್ದು ಮಾಡಿದಾ ಅಂದ್ರ
ಒಂದ ಎಳಿ ಹರಿದ್ರ ಸಾಕು,
ಮಗ್ಗ ತನ್ನಷ್ಟಕ್ಕ ತಾನ ನಿಂತುಬಿಡೂದು.
ಆ ಹಂಚಿಕಿ ಇಂಗ್ಲೆಂಡಿನವರಿಗೆ ಮಾರಿದ್ರಂತ,
ಅವನ ಮಗ ಮೋಟಾರು ಮಾಡಾಕ ಕುಂತನಂತ.
ಮನೆತನದ ಹೆಸರಿನ ತುದಿಗೆ 'ಡ' ಇತ್ತು, ತಗದು 'ಟ' ಮಾಡಿದ್ರು;
ಹಂಗ ಬರದ್ರ ಎಂಟು ಗೀಟು ಆಗತಾವಂತ,
ಎಂಟು ಅಂದ್ರ ಅವರಿಗೆ ಒಳ್ಳೇದಂತ.

ಅಪ್ಪ ಸುಮ್ನ ಕೇಳಿದ. ಕಡೀಕ ಒಂದ ಮಾತು:
"ಆ ತಾಯಿ ಹೆಸರೇನು?"
ನದಾಫಗ ಗೊತ್ತಿರಲಿಲ್ಲ.

ನದಾಫನ ಮುತ್ತ್ಯಾ ಹತ್ತಿ ಹಿಂಜಿದವ,
ನಮ್ಮ ಮುತ್ತ್ಯಾ ಅದ ಹತ್ತಿ ನೂಲು ನೇಯ್ದವ.
ಈಗ ಇಬ್ಬರ ಕೈಯಾಗೂ ಡೀಸೆಲ್ ವಾಸನಿ.

ಗದಗಿನಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಗದಗ,
ಲಾಳಿಯಂಗ. ಹದಿನಾಲ್ಕು ಮಂದಿ, ಮ್ಯಾಲ ಮೆಣಸಿನಕಾಯಿ ಚೀಲ,
ಹಿಂದಿನ ಬಾಗಲಕ್ಕ ಜೋತುಬಿದ್ದ ಕಾಲೇಜ ಹುಡುಗ.
ಅಪ್ಪ ಟೇಪ್ ಹಚ್ಚತಿರಲಿಲ್ಲ.
"ಹಚ್ಚಿದ್ರ ಇದರ ಮಾತು ಕೇಳಂಗಿಲ್ಲ" ಅಂತಿದ್ದ.

ಒಂದ ದಿವಸ ಅಣ್ಣಿಗೇರಿ ದಾಟಿ, ಕಡಲಿ ಹೊಲದ ನಡುವ
ಗಾಡಿ ಬದಿಗೆ ಹಚ್ಚಿ, ಕೀಲಿ ತಿರುವಿದ.
"ಯಾಕ?"
"ಎಳಿ ಹರದೈತಿ."
ಕೋರ್ಟಿನ ತಾರೀಖಿದ್ದವ ಬೈದ.
ರೊಕ್ಕ ವಾಪಸ್ ಇಸಕೊಂಡು ಎಲ್ಲಾರೂ ಬಸ್ಸಿಗೆ ಕೈ ಮಾಡಿದ್ರು.
ಎಂಟನೇತ್ತಾ ಕಲಿಯೂ ನಾನು
ಮುಂದಿನ ಸೀಟಿನ್ಯಾಗ ನಾಚಿಕಿಂದ ಸತ್ತೆ.

ಮೂರು ತಾಸಿಗೆ ನದಾಫ ಲೂನಾ ಮ್ಯಾಲ ಬಂದ.
ಕವರ್ ಬಿಚ್ಚಿ, ಟೈಮಿಂಗ್ ಬೆಲ್ಟ್ ಎಳದು
ಬಿಸಲಿಗೆ ಹಿಡದ.
ಅಂಚು ಸೀಳಿತ್ತು, ಒಳಗಿಂದು ಹೊರಗ ಬಂದಿತ್ತು.
ದಾರ! ಕರೀ ರಬ್ಬರಿನ ಹೊಟ್ಟ್ಯಾಗ
ಬೆಳ್ಳನ ದಾರ, ಸಾಲಾಗಿ, ಹಾಸು ಹಾಸಿದಂಗ.
"ಇನ್ನ ಹತ್ತು ಕಿಲೋಮೀಟರ್ ಹೊಡದಿದ್ರ ಇಂಜನ್ ಪೂರಾ ಹೋಗತಿತ್ತು."
ಅಪ್ಪ ಹರಿದ ತುದಿ ಎರಡು ಬೆರಳಾಗ ಹೊಸದ,
ಗಂಟು ಹಾಕಾವ್ರಂಗ.
ಕೈ ಮರತಿರಲಿಲ್ಲ.

ಆಮ್ಯಾಲ ಒಂದ ವರ್ಷ ಪೇಪರಿನ್ಯಾಗ ಬಂತು:
ಆ ಕಂಪನಿಯವರು ದೂರದ ದೇಶದಾಗ ಲಕ್ಷಗಟ್ಟಲೆ ಗಾಡಿ
ವಾಪಸ್ ಕರಸ್ಯಾರ. ಎಕ್ಸಲೇಟರ್ ಸಿಕ್ಕೊಳ್ಳತಾವಂತ.
ನದಾಫ ಪೇಪರ್ ಮಡಚಿ ಬುಡಕ ಹಾಕ್ಕೊಂಡು ಕುಂತ,
ತನ್ನ ಮನೆತನದ ಮರ್ಯಾದಿ ಹೋದಂಗ.
ಅಪ್ಪ ಅಂದ: "ಮಗ್ಗ ಭಾಳಾದ್ವು ಅಂದ್ರ
ಹರಿದ ಎಳಿ ನೋಡಾವ್ರು ಕಡಿಮಿ ಆಗ್ತಾರ."
ಅಷ್ಟ. ಎರಡು ಚಹಾ ಹೇಳಿದ.

ಈಗ ನಾ ಹುಬ್ಬಳ್ಳಿ ಗೋಕುಲ ರೋಡಿನ್ಯಾಗ
ಎಸಿ ಹಾಕಿದ ಸರ್ವಿಸ್ ಕೌಂಟರಿಗೆ ಕುಂಡ್ರತೇನಿ.
ಗ್ವಾಡಿಮ್ಯಾಲ ಕಂಪನಿ ಇತಿಹಾಸದ ಪಟ ಐತಿ:
ಮಗ್ಗ, ಇಸವಿ, ಕಾರು, ಇಸವಿ.
ಆ ತಾಯಿ ಹೆಸರು ಅದರಾಗೂ ಇಲ್ಲ.

ಬಂದವ್ರು ಕೀಲಿ ಇಟ್ಟು ಅಂತಾರ:
"ಏನೋ ಒಂದ ಸಪ್ಪಳ. ಎಲ್ಲಿಂದ ಅಂತ ಗೊತ್ತಾಗವಲ್ದು."
ಕಂಪ್ಯೂಟರಿನ್ಯಾಗ ಸಪ್ಪಳಕ್ಕ ನಾಲ್ಕ ಜಾಗ:
ಬ್ರೇಕ್, ಸಸ್ಪೆನ್ಷನ್, ಇಂಜನ್, ಇತರೆ.
'ಇತರೆ' ಒತ್ತಿ, ಎದ್ದು ಹೊರಗ ಹೋಗಿ
ಬಾನೆಟ್ ಮ್ಯಾಲ ಕೈ ಇಟ್ಟು ನಿಲ್ಲತೇನಿ.
ಗಾಜಿನ ಆಚೆ ಮ್ಯಾನೇಜರ್ ಗಡಿಯಾರ ನೋಡತಾನ.
"ಬಂದ್ ಮಾಡಬ್ಯಾಡ್ರಿ," ಅಂತೇನಿ, "ಒಂದ ಗಳಿಗಿ."