ಎಪ್ಪತ್ತೊಂದನೇ ಆಡು

ಎಪ್ಪತ್ತೊಂದನೇ ನಂಬರಿನ ಆಡು ನನ್ನ ಕೈಗವಸು ಜಗಿಯುತ್ತಿದೆ.
ಕೊಂಬು ಹಿಡಿದವಳು ಹಾಲ್ಡಿಸ್, ನೆತ್ತರು ತೆಗೆಯುವವನು ನಾನು.
ಹೊರಗೆ ಫ್ಯೋರ್ಡಿನ ಮೇಲೆ ಮಧ್ಯಾಹ್ನ ಮೂರಕ್ಕೇ ಕತ್ತಲು.

"ಇದಕ್ಕೇನು ಕಡಿಮೆ?" ಎನ್ನುತ್ತಾಳೆ. "ಎರಡು ಮರಿ ಹಾಕಿದೆ,
ಬೇಸಿಗೆಯಲ್ಲಿ ಬೇಲಿ ಹಾರಿ ನೆರೆಯವರ ಕೋಸು ಮುಗಿಸಿದೆ."

ಕಡಿಮೆ ಒಂದೇ: ನಿನಗೂ ನನಗೂ ಇರುವ ಪ್ರಿಯಾನ್ ಪ್ರೋಟೀನು.
ಮಡಿಕೆ ತಪ್ಪಿದರೆ ಮಿದುಳನ್ನು ಜರಡಿ ಮಾಡುವ ಕುಖ್ಯಾತ;
ನೆಟ್ಟಗಿದ್ದಾಗ ಏನು ಮಾಡುತ್ತದೆಂದು
ಬಹುಕಾಲ ಹೆಚ್ಚು ಜನ ಕೇಳಲಿಲ್ಲ.
ಸುಮ್ಮನಿದ್ದವರನ್ನು ಯಾರು ಕೇಳುತ್ತಾರೆ?

ಈ ನೆತ್ತರಲ್ಲಿ ವೈರಸ್ ಇಲ್ಲ. ಆದರೂ
ಒಂದೊಂದು ಕಣವೂ ಕಿವಿ ನಿಮಿರಿಸಿ ಕೂತಿದೆ,
ಇಂಟರ್‌ಫೆರಾನಿನ ಒಂದು ಪಿಸುಮಾತಿಗೆ
ಊರಿಗೆ ಊರೇ ದೊಂದಿ ಹಿಡಿದು ಏಳುತ್ತದೆ.
ಉಳಿದ ಆಡುಗಳಲ್ಲಿ ಯಾರೋ ಭುಜ ಮುಟ್ಟಿ
"ತಡಿ, ಗಾಳಿ ಇರಬೇಕು" ಎನ್ನುವವರಿದ್ದಾರೆ.

"ಎಚ್ಚರವಿರುವುದೇ ಒಳ್ಳೆಯದಲ್ಲವೇ ಹಾಗಾದರೆ?"
ಗೊತ್ತಿಲ್ಲ ಎಂದೆ. ವೈರಸ್ ಬಂದ ದಿನ ಒಳ್ಳೆಯದೇನೋ.
ಬಾರದ ದಿನಗಳ ಲೆಕ್ಕ ನನಗಿನ್ನೂ ಸಿಕ್ಕಿಲ್ಲ.

ಅವಳು ಕೊಂಬು ಬಿಟ್ಟಳು.
ಗಂಡ ದೋಣಿಯೊಂದಿಗೆ ಮುಳುಗಿದ ಮೇಲೆ ಎಂಟು ವರ್ಷ
ಬಾಗಿಲು ಕಿರ್ ಎಂದರೆ ಎದ್ದು ಕೂರುತ್ತಿದ್ದಳಂತೆ;
ಪಕ್ಕದ ಕೋಣೆಯಿಂದ ಅತ್ತೆ,
"ಬೆಕ್ಕು ಕಣೇ, ಮಲಗು."
ಈ ಮಾರ್ಚಿನಿಂದ ಅತ್ತೆಯೂ ಇಲ್ಲ.

ಕೊಳವೆಗೆ ಚೀಟಿ ಅಂಟಿಸಿದೆ: ಎಪ್ಪತ್ತೊಂದು.
ಅಷ್ಟರಲ್ಲಿ ಆಡು ನನ್ನ ಗವಸಿನ ಹೆಬ್ಬೆರಳು
ನುಂಗಿಯಾಗಿತ್ತು.